ಸ್ಟ್ರಾಟ್ ಗಿಟಾರಿನ ಬ್ರಿಜ್ ಪಿಕಪ್ ಕಿವಿ ಕೊರೀತಿದೆ, ಇನ್ನೊಂದು ಪೆಡಲ್ ತಗೊಳ್ಳಲಾ?

ಡೊಂಬಿವಲಿ ತಂತಿ:
ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಸ್ಟ್ರಾಟ್ ಕಾಪಿ, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯೋ ಕಾಯಿಲ್): ಕತ್ತಿನ ಕಡೆ ನೆಕ್, ನಡುವೆ ಮಧ್ಯದ್ದು, ತಂತಿ ಕೊನೆಯಾಗೋ ಕಡೆ ಬ್ರಿಜ್. ಪೆಡಲ್ ಎರಡೇ: ಟ್ಯೂಬ್ ಸ್ಕ್ರೀಮರ್ (ಸದ್ದು ಒಡೆಸೋ ಓವರ್‌ಡ್ರೈವ್), ಆಮೇಲೆ ಡಿಜಿಟಲ್ ಡಿಲೇ (ಪ್ರತಿಧ್ವನಿ ಕೊಡೋದು). ಮನೆಯಲ್ಲಿ, ಪಕ್ಕದ ಮನೆ ಆಜಿ ಗೋಡೆ ಬಡಿಯುವವರೆಗೆ, ಟೋನ್ ಚೆನ್ನಾಗಿಯೇ ಇರುತ್ತೆ. ಮೊನ್ನೆ ಗಣಪತಿ ಸ್ಟೇಜಲ್ಲಿ ಮಾನ ಹೋಯ್ತು. ಕಾರ್ಡ್ ಬಾರಿಸುವಾಗ ನಾನಿದ್ದೇನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಸೋಲೋಗೆ ಬ್ರಿಜ್ ಪಿಕಪ್‌ಗೆ ಹೋದರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಟೋನ್ ನಾಬ್ ಎರಡನ್ನೂ ಸೊನ್ನೆಗೆ ಇಳಿಸಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಜೊತೆಗೆ ಗುಂಯ್ ಅಂತ ಸದ್ದು. ಕೀಬೋರ್ಡಿನವ ನನ್ನನ್ನೇ ನೋಡ್ತಿದ್ದ. ಗಿಟಾರ್ ವಾಲ್ಯೂಮ್ 10, ಪೆಡಲ್ ಡ್ರೈವ್ (ಸದ್ದು ಒಡೆಯೋ ಪ್ರಮಾಣ) ಪೂರ್ತಿ ಹತ್ತಿರ, ಲೆವೆಲ್ (ಹೊರಬರೋ ಸದ್ದು) ಕಮ್ಮಿ. ಈಕ್ಯೂ ಪೆಡಲ್ (ಮಂದ್ರ, ತಾರ ಬೇರೆಬೇರೆ ಏರಿಸಿ ಇಳಿಸೋದು) ತಗೊಂಡ್ರೆ ಸರಿಹೋಗುತ್ತಾ?

ಮಾಟುಂಗಾದ ಮಾವ:
ದುಡ್ಡು ಜೇಬಲ್ಲೇ ಇರ್ಲಿ ಮಾರಾಯ್ರೆ. ಸ್ಟ್ರಾಟ್‌ನ ಹಳೇ ವೈರಿಂಗಲ್ಲಿ ಬ್ರಿಜ್ ಪಿಕಪ್‌ಗೆ ಟೋನ್ ನಾಬೇ ಇಲ್ಲ. ಒಂದು ನೆಕ್‌ಗೆ, ಇನ್ನೊಂದು ಮಧ್ಯದ್ದಕ್ಕೆ. ನೀವು ತಿರುಗಿಸಿದ್ದು ಗಾಳಿಗೆ! ಪಿಕ್‌ಗಾರ್ಡ್ ಬಿಚ್ಚಿ, ಐದು ಹಂತದ ಸ್ವಿಚ್ಚಲ್ಲಿ ಮಧ್ಯದ ಟೋನ್ ನಾಬಿನ ವೈರ್ ಇರೋ ಕಾಲಿಂದ ಅದರ ಪಕ್ಕದಲ್ಲೇ ಖಾಲಿ ಇರೋ ಬ್ರಿಜ್ ಕಾಲಿಗೆ ಒಂದು ತುಂಡು ವೈರ್ ಬೆಸುಗೆ ಹಾಕಿ. ಅಷ್ಟೇ ಕೆಲಸ.

ಕಾರ್ಡ್ ಕಾಣೆಯಾಗಿದ್ದಕ್ಕೆ ಕಾರಣ ಪೆಡಲ್. ಡ್ರೈವ್ ಜಾಸ್ತಿ ಆದಷ್ಟೂ ಪೆಟ್ಟಿನ ಮೊದಲ ಏಟು ಕಿವುಚಿ ಹೋಗುತ್ತೆ, ಲೆವೆಲ್ ಕಮ್ಮಿ ಅಂದ್ರೆ ಪೆಡಲ್ ಒತ್ತಿದ ಕೂಡ್ಲೇ ನೀವು ಹಿಂದಕ್ಕೆ ಸರಿದ ಹಾಗೆ. ಉಲ್ಟಾ ಮಾಡಿ: ಡ್ರೈವ್ ಕಾಲು ಭಾಗ, ಲೆವೆಲ್ ಮುಕ್ಕಾಲು. ಆ ಪೆಡಲ್ 720 ಹರ್ಟ್ಸ್ ಆಸುಪಾಸು ಎತ್ತಿಕೊಡುತ್ತೆ, ಬೇಸಿಗೂ ಸಿಂಬಲ್‌ಗೂ ನಡುವೆ ಗಿಟಾರ್‌ಗೆ ಸಿಗೋ ಜಾಗ ಅದೇ. ಆಮೇಲೆ ಗಿಟಾರ್ ವಾಲ್ಯೂಮ್ 7ರಲ್ಲಿ ಕಾರ್ಡ್, 10ರಲ್ಲಿ ಸೋಲೋ. ಇಳಿಸಿದಾಗ ಹೊಳಪು ಸತ್ತರೆ ವಾಲ್ಯೂಮ್ ಪಾಟಿನ (ನಾಬಿನ ಕೆಳಗಿರೋ ಭಾಗ) ಒಳಬರೋ ಕಾಲಿಗೂ ಮಧ್ಯದ ಕಾಲಿಗೂ ನಡುವೆ 0.001 ಮೈಕ್ರೊಫ್ಯಾರಡ್ ಕೆಪಾಸಿಟರ್, ಜೊತೆಗೆ 150 ಕಿಲೋ ಓಮ್ ರೆಸಿಸ್ಟರ್. ಎರಡೂ ಮುಂಬೈಯ ಲ್ಯಾಮಿಂಗ್ಟನ್ ರೋಡಲ್ಲಿ ಸಿಗ್ತವೆ, ರವಿವಾರ ಮಾತ್ರ ಹೋಗ್ಬೇಡಿ.

ಗುಂಯ್ ಅನ್ನೋದು 50 ಹರ್ಟ್ಸ್ ಕರೆಂಟಿಂದು. ಸ್ವಿಚ್ 2 ಅಥವಾ 4ರಲ್ಲಿ, ಎರಡು ಪಿಕಪ್ ಒಟ್ಟಿಗೆ ನುಡಿಯೋವಾಗ, ಕಮ್ಮಿ ಆಗ್ಬೇಕು.

ಪುಣೆ ಫಜ್:
ವಾಲ್ಯೂಮ್ ಇಳಿಸಿ ನುಡಿಸೋದು ಫಜ್‌ಗೂ (ಸದ್ದನ್ನು ಒರಟಾಗಿ ಒಡೆಯೋ ಪೆಡಲ್) ಅಮೃತ. ಜರ್ಮೇನಿಯಂ ಟ್ರಾನ್ಸಿಸ್ಟರ್ ಇರೋ ಫಜ್ ಆದ್ರೆ ಗಿಟಾರ್ ನೇರ ಅದಕ್ಕೇ ಹೋಗಲಿ, ಅದಕ್ಕೂ ಮುಂಚೆ ಬಫರ್ (ಸಿಗ್ನಲ್‌ಗೆ ಬಲ ಕೊಡೋ ಸರ್ಕ್ಯೂಟ್) ಇರೋ ಪೆಡಲ್ ಇಟ್ಟರೆ ಆ ಮಜಾ ಹೋಯ್ತು. ಸುಮ್ಮನೆ ಹೇಳಿದೆ, ನಿಮ್ಮತ್ರ ಇಲ್ಲ.

ಡೊಂಬಿವಲಿ ತಂತಿ:
ಮಾವ, ಶನಿವಾರ ಹೋಗಿ ತಂದೆ. ಕೆಪಾಸಿಟರ್‌ಗಿಂತ ದಾದರಲ್ಲಿ ತಿಂದ ವಡಾಪಾವ್‌ಗೇ ಜಾಸ್ತಿ ಆಯ್ತು. ಬ್ರಿಜ್ ಟೋನ್ 5ರಲ್ಲಿ ಈಗ ಸ್ವರ ಮೆತ್ತಗಾಗಿದೆ, ಕಾರ್ಡೂ ಎದ್ದು ಕೇಳಿಸ್ತಿದೆ. ಆದ್ರೆ 2ರಲ್ಲೂ 4ರಲ್ಲೂ ಗುಂಯ್ ಹಾಗೇ ಇದೆ.

ಮಾಟುಂಗಾದ ಮಾವ:
ಹಾಗಾದ್ರೆ ನಿಮ್ಮ ಮಧ್ಯದ ಪಿಕಪ್ ಉಲ್ಟಾ ಸುತ್ತಿ ಉಲ್ಟಾ ಅಯಸ್ಕಾಂತ ಇಟ್ಟದ್ದು ಅಲ್ಲ, ಅದಕ್ಕೇ ಗುಂಯ್ ರದ್ದಾಗ್ತಿಲ್ಲ; ಕಾಪಿ ಗಿಟಾರಲ್ಲಿ ಅದು ಮಾಮೂಲು. ಬರೀ ಎರಡು ವೈರ್ ಅದಲುಬದಲು ಮಾಡೋಕೆ ಹೋಗ್ಬೇಡಿ, ಸದ್ದು ತೆಳ್ಳಗಾಗಿ ಬಿಡುತ್ತೆ. ಸದ್ಯಕ್ಕೆ ಸ್ಟೇಜಿನ ಲೈಟ್ ಡಿಮ್ಮರಿಂದ ಎರಡು ಹೆಜ್ಜೆ ದೂರ ನಿಲ್ಲಿ.