ಅಪ್‌ಡೇಟ್: ಅನೂಬಿಯಸ್ ಉಳಿದುಕೊಂಡಿತು, ಪಾಚಿಯೂ ಇಳಿದಿದೆ

ನನ್ನ 60 ಲೀಟರ್ ಅಕ್ವೇರಿಯಂನಲ್ಲಿ ಅನೂಬಿಯಸ್ ಗಿಡದ ಬುಡ ಕೊಳೆಯುವುದಕ್ಕೂ ಗಾಜಿಗೆ ಹಸಿರು ಪಾಚಿ ಕಟ್ಟುವುದಕ್ಕೂ ಕಾರಣವೇನೆಂದು ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ನೀವು ಊಹಿಸಿದಂತೆ, ಗಿಡದ ದಪ್ಪ ಕಾಂಡವನ್ನು ಮರಳಿನೊಳಗೆ ಹೂತಿದ್ದೇ ತಪ್ಪಾಗಿತ್ತು. ಮೇಲೆತ್ತಿ ನೋಡಿದಾಗ ಅದರ ಅರ್ಧಭಾಗ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಲೋಳೆಯಂತೆ ಅಂಟಿಕೊಳ್ಳುತ್ತಿತ್ತು. ಕೊಳೆತದ್ದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಗಟ್ಟಿಯಾಗಿ ಉಳಿದಿದ್ದ ತುಂಡನ್ನು ಹತ್ತಿಯ ದಾರದಿಂದ ಕಲ್ಲೊಂದಕ್ಕೆ ಕಟ್ಟಿದೆ. ಈಗ ಬೇರುಗಳು ತಾವಾಗಿಯೇ ಕಲ್ಲನ್ನು ಹಿಡಿದುಕೊಂಡಿವೆ. ಎರಡು ಹೊಸ ಎಲೆಗಳೂ ಬಂದಿವೆ. ಇಷ್ಟು ನಿಧಾನವಾಗಿ ಬೆಳೆಯುವ ಗಿಡಕ್ಕೆ ಇದು ಸಣ್ಣ ಸಂಗತಿಯಲ್ಲ.

ದಿನಕ್ಕೆ 10 ಗಂಟೆ ಉರಿಯುತ್ತಿದ್ದ ದೀಪವನ್ನು ಟೈಮರ್ ಹಾಕಿ 6 ಗಂಟೆಗೆ ಇಳಿಸಿದ ಮೇಲೆ ಪಾಚಿ ಬಹಳ ಕಡಿಮೆಯಾಗಿದೆ.

ನಾನು ಪ್ರಶ್ನೆಯಲ್ಲಿ ಹೇಳದೇ ಬಿಟ್ಟ ಇನ್ನೊಂದು ತಪ್ಪೂ ಇತ್ತು. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯುತ್ತಿದ್ದೆ. ಆ ನೀರಿನ ಕ್ಲೋರಿನ್, ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಈಗ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ, ಹೊರತೆಗೆದ ಆ ನೀರಿನಲ್ಲೇ ಸ್ಪಂಜನ್ನು ಹಿಂಡಿ ತೊಳೆಯುತ್ತಿದ್ದೇನೆ.