ಓದುಗರ ಸ್ಪಂದನ: ಮಗಳಿಗೆ ತಲೆಸುತ್ತು, ಊರಿಗೆ ಕರೆಸಿಕೊಳ್ಳಲೇ?

(ಹಾವೇರಿ ಕಡೆಯ ತಾಯಿಯೊಬ್ಬರು ಕಳೆದ ಸಂಚಿಕೆಗೆ ಬರೆದಿದ್ದರು. ಮಗಳಿಗೆ 19, ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಾಳೆ. ಮೂರು ತಿಂಗಳಿಂದ ತಲೆಸುತ್ತು. ಬೆಳಗಿನ ಪ್ರಾರ್ಥನೆಗೆ ನಿಂತಾಗ ಎರಡು ಸಲ ಬಿದ್ದಿದ್ದಾಳೆ. ಡಾಕ್ಟರು ಕೂರಿಸಿ ಬಿ.ಪಿ. ನೋಡಿ ‘ಟೆನ್ಷನ್ ಅಷ್ಟೇ’ ಅಂದರಂತೆ. ಮನೆಯವರು ‘ಓದೋಕೆ ಮನಸ್ಸಿಲ್ಲ, ನಾಟಕ’ ಅನ್ನುತ್ತಾರೆ. ಗಂಡು ನೋಡುವ ಹೊತ್ತಿನಲ್ಲಿ ಸುದ್ದಿ ಹಬ್ಬೀತು ಎಂಬ ಅಳುಕು ಬೇರೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.)

‘ನಾಟಕ’ ಅನ್ನೋ ಮಾತು ಓದಿ ಪತ್ರಿಕೆ ಮಡಿಸಿಟ್ಟೆ. ಮಧ್ಯಾಹ್ನ ಮತ್ತೆ ತೆಗೆದೆ. 1996ರಲ್ಲಿ ನನಗೂ ಇದೇ ಮಾತು ಅಂದಿದ್ದರು.

ಆಗ ನನಗೆ 18. ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ. ಮೊದಲು ಕಿವಿಯಲ್ಲಿ ಗುಂಯ್ ಅನ್ನುವುದು. ಆಮೇಲೆ ಕಂಡಕ್ಟರನ ಸೀಟಿ ಎಲ್ಲೋ ದೂರದಲ್ಲಿ ಊದಿದ ಹಾಗೆ. ಅಂಗೈ ಬೆವತು ಕಂಬಿ ಜಾರುವುದು. ಕಣ್ಣು ತೆರೆದರೆ ಯಾರದೋ ಚಪ್ಪಲಿ, ಮುಖದ ಮೇಲೆ ನೀರು. ದೃಷ್ಟಿ ತೆಗೆದರು, ದೇವರಲ್ಲಿ ಕೇಳಿಸಿದರು, ಕೊನೆಗೆ ಟಿ.ಸಿ. ತಂದರು. ಮನೆಯಲ್ಲಿ ಕೂತರೆ ಸರಿಹೋಗುತ್ತದೆ ಅಂತ. ಸರಿಹೋಗಲಿಲ್ಲ. ಕೊಟ್ಟಿಗೆಯಲ್ಲಿ ಸಗಣಿ ಬುಟ್ಟಿ ಎತ್ತುವಾಗ ಬಿದ್ದೆ, ಅಷ್ಟೇ ವ್ಯತ್ಯಾಸ.

ನನಗೆ ಮುಟ್ಟು ಒಂಬತ್ತು ಹತ್ತು ದಿನ ಹೋಗುತ್ತಿತ್ತು, ಗಡ್ಡೆ ಗಡ್ಡೆಯಾಗಿ. ಯಾರೂ ಕೇಳಲಿಲ್ಲ. ಎಲ್ಲರಿಗೂ ಹಾಗೇ ಇರುತ್ತದೆ ಅಂದುಕೊಂಡು ನಾನೂ ಹೇಳಲಿಲ್ಲ. ಮದುವೆಯಾಗಿ ಬಸುರಿಯಾದಾಗ ಮೊದಲ ಸಲ ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 6.2. ನರ್ಸಮ್ಮ ಕೆಳರೆಪ್ಪೆ ಎಳೆದು ನೋಡಿ, ‘ಇದು ಇವತ್ತು ನಿನ್ನೆಯದಲ್ಲ ಕಣಮ್ಮ’ ಅಂದರು. ರಕ್ತ ಕೊಟ್ಟರು. ಆಮೇಲೆ ತಿಂಗಳುಗಟ್ಟಲೆ ಐರನ್ ಮಾತ್ರೆ. ಮಗುವಾದ ಮೇಲೆ ಮುಟ್ಟಿಗೂ ಔಷಧ. ತಲೆಸುತ್ತು ಹೋಯಿತು.

ನನ್ನ ಜೊತೆ ಓದುತ್ತಿದ್ದವಳು ಈಗ ಹೈಸ್ಕೂಲಿನಲ್ಲಿ ಹೆಡ್‌ಮಿಸ್. ಸಂತೆಯಲ್ಲಿ ಕಂಡರೆ ನಾನೇ ಬೇರೆ ಅಂಗಡಿ ಕಡೆ ತಿರುಗಿಬಿಡುತ್ತೇನೆ. ಅವಳದೇನೂ ತಪ್ಪಿಲ್ಲ, ಪಾಪ.

ಅಕ್ಕಾ, ಮಗಳನ್ನ ಕೇಳಿ. ಫೋನಲ್ಲಿ ಬೇಡ. ಹೋಗಿ, ಪಕ್ಕದಲ್ಲಿ ಕೂತು ಕೇಳಿ.
– ಓದುಗರೊಬ್ಬರು, ತೀರ್ಥಹಳ್ಳಿ

ನಿಮ್ಮ ಪತ್ರದಲ್ಲಿ ‘ಮದುವೆ’ ನಾಲ್ಕು ಸಲ ಇದೆ. ‘ರಕ್ತ’ ಒಂದು ಸಲವೂ ಇಲ್ಲ.
– ಓದುಗರೊಬ್ಬರು, ಮಂಡ್ಯ

(ಮಾತು ಸ್ವಲ್ಪ ಒರಟಾಯಿತು. ಆದರೆ ನಾವೂ ಎಣಿಸಿ ನೋಡಿದೆವು.)

ಇದು ಪಿತ್ತ. ಈಗಿನ ಮಕ್ಕಳು ರಾತ್ರಿ ಒಂದರವರೆಗೆ ಮೊಬೈಲು, ಬೆಳಗ್ಗೆ ತಿಂಡಿ ಬಿಟ್ಟು ಬರೀ ಚಹಾ. ಪಿತ್ತ ಏರದೆ ಇನ್ನೇನಾದೀತು? ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಕಷಾಯ ಮಾಡಿಕೊಡಿ. ನನ್ನ ಮೊಮ್ಮಗನಿಗೂ ಹೇಳಿದೆ. ಅವ ಕಿವಿಗೆ ಆ ಬಿಳಿ ಕಡ್ಡಿ ಸಿಕ್ಕಿಸಿಕೊಂಡಿದ್ದ, ಕೇಳಿಸಲೇ ಇಲ್ಲ.
– ಹಿರಿಯರೊಬ್ಬರು, ಶಿರಸಿ

(ಕಷಾಯ ಕುಡಿಯಲಿ, ತಿಂಡಿಯನ್ನೂ ತಿನ್ನಲಿ. ಜೊತೆಗೆ ಮುಂದಿನ ಎರಡು ಪತ್ರಗಳನ್ನೂ ಓದಿ.)

ತಲೆಸುತ್ತು ಅಂದರೆ ಯಾವ ಥರ? ಕಣ್ಣು ಕತ್ತಲೆ ಬರುವುದೇ ಬೇರೆ, ಕೋಣೆಯೇ ಗಿರಗಿರ ತಿರುಗುವುದೇ ಬೇರೆ. ನನ್ನದು ಎರಡನೆಯದು. ಬೈಕಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಶುರುವಾಯಿತು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಫ್ಯಾನು ನನ್ನ ಸುತ್ತ ತಿರುಗುತ್ತಿತ್ತು, ಅರ್ಧ ನಿಮಿಷ. ಇ.ಎನ್.ಟಿ. ಡಾಕ್ಟರು ಒಳಕಿವಿಯಲ್ಲಿ ಸಣ್ಣ ಹರಳು ಜಾಗ ಬಿಟ್ಟು ಸರಿದಿದೆ ಅಂದರು. ಮಲಗಿಸಿ, ತಲೆಯನ್ನು ಒಂದೊಂದೇ ದಿಕ್ಕಿಗೆ ತಿರುಗಿಸಿದರು. ಮಾತ್ರೆ ಇಲ್ಲ, ಏನಿಲ್ಲ. ಎರಡು ಸಲಕ್ಕೆ ಹೋಯಿತು. ನಿಮ್ಮ ಮಗಳದು ಇದಲ್ಲದೆಯೂ ಇರಬಹುದು, ಸುಮ್ನೆ ಹೇಳಿದೆ.
– ವಿದ್ಯಾರ್ಥಿ, ಹುಬ್ಬಳ್ಳಿ

ನಾನು ನಿವೃತ್ತ ನರ್ಸ್. ಕೂರಿಸಿ ಒಂದು ಸಲ ಬಿ.ಪಿ. ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ನೋಡಬೇಕು. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಿಂತಾಗ ಬಿ.ಪಿ. ಕುಸಿಯುತ್ತಿದೆ ಅಂತ. ಕೆಲವು ಹರೆಯದವರಿಗೆ ಬಿ.ಪಿ. ಇಳಿಯುವುದಿಲ್ಲ, ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿ ಮಾತ್ರ 40 ಬಡಿತದಷ್ಟು ಏರಿಬಿಡುತ್ತದೆ. ಅದಕ್ಕೂ ಹೆಸರಿದೆ, ಚಿಕಿತ್ಸೆ ಇದೆ. ಅದು ನಾಟಕ ಅಲ್ಲ.

ಹಿಮೋಗ್ಲೋಬಿನ್ ಮೊದಲು ಮಾಡಿಸಿ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 19ರ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ಇತ್ತು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವುದು ಇದಕ್ಕೇ. ನಮ್ಮ ಹುಡುಗಿಯರು ಅದನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದರು, ಕೈತೋಟದಲ್ಲಿ ನಾನೇ ಆರಿಸಿದ್ದೇನೆ. ಡಾಕ್ಟರು ಐರನ್ ಬರೆದುಕೊಟ್ಟರೆ ನಿಂಬೆ ಪಾನಕದ ಜೊತೆ ಕೊಡಿ, ಕಾಫಿ ಟೀ ಜೊತೆ ಬೇಡ. ಮಲ ಕಪ್ಪಾದರೆ ಹೆದರಬೇಡಿ. ಓಡುವಾಗ ಬಿದ್ದಿದ್ದರೆ, ಇಲ್ಲವೇ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ದಿಢೀರ್ ತೀರಿಕೊಂಡಿದ್ದರೆ ತಡಮಾಡದೆ ಇ.ಸಿ.ಜಿ. ಮಾಡಿಸಿ.
– ಓದುಗರೊಬ್ಬರು, ದಾವಣಗೆರೆ

ನಾನು ಹಾಸ್ಟೆಲ್ ವಾರ್ಡನ್, ನಿಮ್ಮ ಮಗಳ ಹಾಸ್ಟೆಲಿನವಳಲ್ಲ. ನಮ್ಮಲ್ಲಿ ಪ್ರಾರ್ಥನೆ ಏಳೂವರೆಗೆ, ತಿಂಡಿ ಎಂಟೂವರೆಗೆ. ಕಾಲೇಜಿನ ಟಾಯ್ಲೆಟ್ಟಿಗೆ ಹೆದರಿ ಹುಡುಗಿಯರು ನೀರೇ ಕುಡಿಯುವುದಿಲ್ಲ. ನಿಮ್ಮ ಪತ್ರ ಓದಿದ ಮೇಲೆ ತಿಂಡಿ ಮೊದಲು ಮಾಡಿಸಿದ್ದೇನೆ. ಅಡುಗೆಯವರು ನನ್ನ ಮೇಲೆ ಸಿಟ್ಟಾಗಿದ್ದಾರೆ.
– ವಾರ್ಡನ್, ಬಳ್ಳಾರಿ

(‘ಕರೆಸಿಕೊಳ್ಳಿ’ ಎಂದು ಬರೆದವರೂ ಮೂವರಿದ್ದಾರೆ. ಜಾಗವಿಲ್ಲದೆ ಆ ಪತ್ರಗಳನ್ನು ಕೊಡಲಾಗಲಿಲ್ಲ, ಕ್ಷಮಿಸಿ. ಹಾವೇರಿಯ ತಾಯಿಗೆ: ನಿಮ್ಮ ಮಗಳು ತಾನೇ ಬರೆಯುವುದಾದರೆ ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಟ್ಟಿರುತ್ತೇವೆ. ಹೆಸರು ಹಾಕುವುದಿಲ್ಲ.)