ಏಳು ದಿನದ ಪಟ್ಟಿ: ಕಾಸರಗೋಡಿನ ‘ಬದಿಯಡ್ಕದ ಮನೆ’ ವಾಟ್ಸಾಪ್ ಗುಂಪಿನ ಚರ್ಚೆ

ಬೆಂಗಳೂರು ಅಕ್ಕ: (ಫಾರ್ವರ್ಡ್) “ಅಜ್ಜನಮನೆ ಶಿಬಿರ, 7 ದಿನ. ಬೆಳಿಗ್ಗೆ 6 ಯೋಗ, 7 ಹಾಲು ಕರೆಯುವುದು, 8 ಕೆರೆಯಲ್ಲಿ ಈಜು, 10 ಹಲಸಿನ ಹಪ್ಪಳ, 11 ಗೇರುಬೀಜ ಸುಡುವುದು, 12 ಸುರಂಗದ ಒಳಗೆ ನಡಿಗೆ, 3 ಕೋಟೆ, 6 ಭಜನೆ, 7 ಕಥೆ. ಮೊಬೈಲ್ ಪೂರ್ತಿ ಬಂದ್.”

ಬೆಂಗಳೂರು ಅಕ್ಕ: ಮೇ ಮೊದಲ ವಾರ ಮಕ್ಕಳು ಮೂವರೂ ಊರಿಗೆ ಬರ್ತಾರಲ್ಲ. ಆರು, ಒಂಬತ್ತು, ಹನ್ನೆರಡು ವಯಸ್ಸಿನವರಿಗೆ ಇದು ಸರಿ ಹೋಗ್ತದೆ ಅಂತ ಕಾಣ್ತದೆ. ಅಮ್ಮ, ಎಂತ ಹೇಳ್ತೀರಿ?

ಪೆರ್ಲ ಚಿಕ್ಕಪ್ಪ: ಒಂದು ಗಂಟೆಯಲ್ಲಿ ಹಲಸಿನ ಹಪ್ಪಳ ಆಗುವುದುಂಟಾ? ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಕಡೆದು, ಒತ್ತಿ 10 ಗಂಟೆಗೆ ಚಾಪೆಯಲ್ಲಿರಬೇಕು. ಇಲ್ಲದಿದ್ದರೆ ಆ ದಿನದ ಬಿಸಿಲು ಸಿಕ್ಕುವುದಿಲ್ಲ. ಆರೂವರೆಗೆ ಸುರು ಮಾಡಿದರೆ ಮಾತ್ರ ಸಾಧ್ಯ.

ದೊಡ್ಡಮ್ಮ: ಹೌದು, ಅದು ಇಡೀ ವಾರದ ಕೆಲಸ. ಸೋಮವಾರ ಒತ್ತಿದರೆ ಬುಧವಾರ ಸಂಜೆಗೆ ಒಣಗ್ತದೆ, ಶುಕ್ರವಾರ ಕಾಯಿಸಿ ತಿಂದು ಉಳಿದದ್ದನ್ನು ಡಬ್ಬಿಗೆ ತುಂಬಿಸಿ ಕೊಡಬಹುದು. ಗುರುವಾರ ಒತ್ತಿದರೆ ಅರ್ಧ ಒಣಗಿದ್ದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಬೂಸು ಬರಿಸಿಕೊಳ್ಳುವುದು ಅಷ್ಟೆ.

ದೊಡ್ಡಮ್ಮ: ಬೆಳೆದ ಕಾಯಿಯೇ ಆಗಬೇಕು. ಸೊಳೆಗೆ ಸಿಹಿ ಬಂದಿದ್ದರೆ ಎಣ್ಣೆಗೆ ಹಾಕಿದ ಕೂಡಲೇ ಕೆಂಪಾಗ್ತದೆ, ಗರಿಗರಿ ಆಗುವ ಮೊದಲೇ ಕರಟ್ತದೆ. ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿ. ಮೇಣ ಹಿಡಿದ ಮೇಲೆ ಸಾಬೂನು ಹಾಕಿ ತಿಕ್ಕಿದರೆ ಹೋಗುವುದಿಲ್ಲ, ಪುನಃ ಎಣ್ಣೆಯೇ ಬೇಕು. ಸೊಳೆಯನ್ನು ಹಬೆಯಲ್ಲಿ ಬೇಯಿಸಬೇಕು. ನೀರಿಗೆ ಹಾಕಿ ಬೇಯಿಸಿದರೆ ಹಿಟ್ಟು ನೀರಾಗಿ ಒತ್ತುವ ಹಾಳೆಗೆ ಅಂಟ್ತದೆ. ಬಿಸಿ ಇರುವಾಗಲೇ ಕಡೆಯಬೇಕು, ತಣಿದರೆ ಗಂಟಾಗ್ತದೆ. ಒಂದು ಕಿಲೋ ಸೊಳೆಗೆ ಚಹಾ ಚಮಚದಲ್ಲಿ ಎರಡು ಉಪ್ಪು, ಆರೆಂಟು ಒಣಮೆಣಸು, ಎರಡು ಚಮಚ ಕೊತ್ತಂಬರಿ. ಹಿಟ್ಟಿನಲ್ಲಿ ಉಪ್ಪು ಸಪ್ಪೆ ಅನ್ನಿಸಿದರೂ ಮತ್ತೆ ಹಾಕಬೇಡಿ, ಒಣಗಿದ ಮೇಲೆ ಮುಂದೆ ಬರ್ತದೆ.

ಬೆಂಗಳೂರು ಅಕ್ಕ: ಇದರಲ್ಲಿ ಮಕ್ಕಳಿಗೆ ಎಂತ ಕೆಲಸ ಅಮ್ಮ? ಕತ್ತಿ, ಒಲೆ ಎಲ್ಲ ಬೇಡ.

ದೊಡ್ಡಮ್ಮ: ಸಣ್ಣವನು ನಿಂಬೆಹಣ್ಣಿನಷ್ಟು ಉಂಡೆ ಮಾಡಲಿ. ಹುಡುಗಿ ಹಾಳೆಗೆ ಎಣ್ಣೆ ಸವರಲಿ. ದೊಡ್ಡವನು ಮಣೆ ಒತ್ತಲಿ. ಒತ್ತುವವನು ಒಂದು ಗಮನಿಸಬೇಕು, ನಡು ದಪ್ಪ ಉಳಿಯಬಾರದು. ಅಂಚು ಒಣಗಿ ನಡು ಹಸಿ ಉಳಿದದ್ದಕ್ಕೇ ಮಳೆಗಾಲದಲ್ಲಿ ಮೊದಲು ಬೂಸು ಹಿಡಿಯುವುದು. ಮೇಲಿನ ಪಸೆ ಆರಿದ ಮೇಲೆ ಮಗುಚಿ ಹಾಕಬೇಕು, ಅವಸರ ಮಾಡಿದರೆ ಹರಿಯುತ್ತದೆ. ಮುರಿದರೆ ‘ಟಕ್’ ಅಂತ ಕೇಳಬೇಕು, ಬಾಗಿದರೆ ಇನ್ನೊಂದು ಬಿಸಿಲು.

ಮುಳ್ಳೇರಿಯ ಭಾವ: ಮೇಯಲ್ಲಿ ಮಧ್ಯಾಹ್ನದ ಮೇಲೆ ಗುಡುಗುಂಟು, ನೆನಪಿರಲಿ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ಮಧ್ಯಾಹ್ನ 2ರಿಂದ ರಾತ್ರಿ 10ರ ವರೆಗೆ ಮಿಂಚಿನ ಬಗ್ಗೆ ಜಾಗ್ರತೆ ಹೇಳ್ತಾರೆ. ಗುಡುಗು ಕೇಳಿದ ಮೇಲೆ ಚಾಪೆ ತರಲಿಕ್ಕೆ ಮಕ್ಕಳನ್ನು ಅಂಗಳಕ್ಕೆ ಓಡಿಸಬಾರದು. ಪಡುವಣದಲ್ಲಾಗಲಿ ಮೂಡಣದಲ್ಲಾಗಲಿ ಮೋಡ ಕಟ್ಟುವಾಗಲೇ ದೊಡ್ಡವರು ಎತ್ತಿ ಒಳಗಿಡಿ.

ಮುಳ್ಳೇರಿಯ ಭಾವ: ಪಟ್ಟಿಯಲ್ಲಿ 3 ಗಂಟೆಗೆ ಕೋಟೆ ಅಂತ ಉಂಟಲ್ಲ, ಅದೂ ಇದೇ ಕಾರಣಕ್ಕೆ ಬೇಡ. ಬೇಕಲ ಕೋಟೆ 40 ಎಕರೆ ಬಯಲು, ಸಮುದ್ರದ ಬದಿ. ಮಿಂಚು ಬಂದರೆ ನಿಲ್ಲಲಿಕ್ಕೆ ಜಾಗ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ 10ಕ್ಕೆ ಹಿಂದೆ ಬರುವುದು. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು ಅಂತ ಮಕ್ಕಳಿಗೆ ಹೇಳಿ, ನಡುವಿನ ವೀಕ್ಷಣಾ ಬುರುಜಿಗೆ ಹತ್ತಿಸಿ. ಅಷ್ಟು ಸಾಕು.

ಕುಂಬಳೆ ಅತ್ತೆ: ಈ ಪಟ್ಟಿಯಲ್ಲಿ ನನಗೆ ಹೆದರಿಕೆ ಕೆರೆಯದ್ದು. ಮೇ ತಿಂಗಳಲ್ಲಿ ಕೆರೆಯಲ್ಲಿ ಮುಳುಗಿ ಆಡುವುದು ಬೇಡವೇ ಬೇಡ. ಮೆದುಳು ತಿನ್ನುವ ಅಮೀಬಾದ ಪ್ರಕರಣಗಳು ಕೇರಳದಲ್ಲಿ 2024ರಲ್ಲೂ 2025ರಲ್ಲೂ ಆದದ್ದು ಎಲ್ಲರಿಗೂ ಗೊತ್ತುಂಟು.

ಪೆರ್ಲ ಚಿಕ್ಕಪ್ಪ: ತಂಗಿ, ಅದು ನಿಂತ ನೀರಿನದ್ದು. ನಮ್ಮ ಕೆರೆಗೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬಂದು ಬೀಳ್ತದೆ.

ಕುಂಬಳೆ ಅತ್ತೆ: ಅಣ್ಣ, ಮೇಯಲ್ಲಿ ಸುರಂಗದಿಂದ ಬರುವುದು ಬೆರಳು ಗಾತ್ರದ ನೀರು. ಕೆರೆ ತಗ್ಗಿ, ಬಿಸಿಲಿಗೆ ಕಾದು, ಮಕ್ಕಳು ಇಳಿದ ಕೂಡಲೇ ಅಡಿಯ ಕೆಸರು ಮೇಲೆ ಬರ್ತದೆ. ಆ ಅಮೀಬಾಕ್ಕೆ ಬೇಕಾದದ್ದು ಬೆಚ್ಚಗಿನ ಸಿಹಿನೀರು ಮತ್ತು ಕೆಸರು, ಎರಡೂ ಅಲ್ಲುಂಟು. ಕುಡಿದರೆ ಬರುವ ರೋಗ ಅಲ್ಲ ಅದು. ಮೂಗಿನಿಂದ ಹೋಗಿ ವಾಸನೆಯ ನರ ಹಿಡಿದು ಮೆದುಳಿಗೆ ಏರ್ತದೆ. ಧುಮುಕುವಾಗ ಮೂಗಿಗೆ ನೀರು ರಭಸದಿಂದ ನುಗ್ತದಲ್ಲ, ಅದೇ ದಾರಿ.

ಪೆರ್ಲ ಚಿಕ್ಕಪ್ಪ: ಅಪರೂಪದ ರೋಗಕ್ಕೆ ಹೆದರಿ ಈಜು ಕಲಿಸದೆ ಬಿಟ್ಟರೆ, ನಾಳೆ ಹೊಳೆಯ ಬದಿಗೆ ಹೋದಾಗ ಎಂತ ಮಾಡ್ತಾರೆ? ನೀರಿಗೆ ಬಿದ್ದು ಹೋಗುವ ಮಕ್ಕಳೇ ಹೆಚ್ಚು. ಸಿಪ್ಪೆ ಇರುವ ಎರಡು ಒಣ ತೆಂಗಿನಕಾಯಿಗಳ ನಾರು ಎಳೆದು ಒಂದಕ್ಕೊಂದು ಕಟ್ಟಿ ಎದೆಯ ಅಡಿಗೆ ಕೊಟ್ಟರೆ ಮಗು ತೇಲ್ತದೆ, ಕಾಲು ಬಡಿಯಲಿಕ್ಕೆ ಕಲಿಯುತ್ತದೆ. ಕೈಗೆ ಸಿಗುವಷ್ಟು ಹತ್ತಿರ ಈಜು ಬರುವ ಒಬ್ಬರು ನೀರಿನಲ್ಲೇ ಇರಬೇಕು. ಮುಳುಗುವ ಮಗು ಕೂಗುವುದಿಲ್ಲ, ಕಟ್ಟೆಯಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಕುಂಬಳೆ ಅತ್ತೆ: ಈಜು ಬೇಡ ಅಂತ ನಾನು ಹೇಳಲೇ ಇಲ್ಲ. ಕೆರೆ ಬೇಡ ಅಂದದ್ದು. ತೋಟದ ಸಿಮೆಂಟು ಟ್ಯಾಂಕಿ ಉಂಟಲ್ಲ, 10 ಅಡಿ ಉದ್ದ, 8 ಅಡಿ ಅಗಲದ್ದು. ಅದನ್ನು ತಿಕ್ಕಿ ತೊಳೆದು ಬೋರಿನ ನೀರು ಎರಡು ಅಡಿ ತುಂಬಿಸಿದರೆ ಸುಮಾರು 4500 ಲೀಟರ್. ಸಾವಿರ ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ 22–23 ಗ್ರಾಂ ಬ್ಲೀಚಿಂಗ್ ಪೌಡರ್. ಪ್ಲಾಸ್ಟಿಕ್ ಬಕೆಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಪೇಸ್ಟಿನ ಹಾಗೆ ಕಲಸಿ, ಮತ್ತೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ ಕೋಲಿನಲ್ಲಿ ಕಲಕಿ. ಒಂದು ಗಂಟೆ ಆದ ಮೇಲೆ ಮಕ್ಕಳು ಇಳಿಯಬಹುದು. ಸುಣ್ಣದ ಗಸಿ ಹಾಕಿದರೆ ಕಣ್ಣು ಉರಿಯುತ್ತದೆ.

ಪೆರ್ಲ ಚಿಕ್ಕಪ್ಪ: ಮೇ ತಿಂಗಳಲ್ಲಿ ದಿನಕ್ಕೆ 4500 ಲೀಟರ್! ಅಡಿಕೆಗೇ ನೀರಿಲ್ಲ.

ಮುಳ್ಳೇರಿಯ ಭಾವ: ಮಾವ, ಅದೇ ನೀರನ್ನು ಅಡಿಕೆಗೆ ಬಿಡಬಹುದು. ಬೇಸಗೆಯಲ್ಲಿ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಅಂತ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರ ಲೆಕ್ಕ. 25 ಮರಕ್ಕೆ ಆಯ್ತು. ಬೆಳಿಗ್ಗೆ ಈಜು, ಬಿಸಿಲಿಗೆ ಕ್ಲೋರಿನ್ ಹಾರಿ ಹೋಗ್ತದೆ, ಸಂಜೆ ಗೇಟ್‌ವಾಲ್ ತೆಗೆಯುವುದು. ದಿನಕ್ಕೊಂದು ಸಾಲು.

ಕುಂಬಳೆ ಅತ್ತೆ: ಸಂಜೆ ಖಾಲಿ ಮಾಡಲೇಬೇಕು. ಸಣ್ಣವನಿಗೆ ಎರಡು ಅಡಿ ನೀರೂ ಅಪಾಯವೇ. ಮತ್ತೆ ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದು ಕಲಸಿದ ಬ್ಯಾರಲ್, ಪಾತ್ರೆ ಯಾವುದೂ ಇದಕ್ಕೆ ಬಳಸಬಾರದು, ಮೈಲುತುತ್ತಿನ ಅಂಶ ಇರ್ತದೆ.

ಬೆಂಗಳೂರು ಅಕ್ಕ: ಟ್ಯಾಂಕಿ ಒಪ್ಪಿದೆ ಅತ್ತೆ. ಆದರೆ ದೊಡ್ಡವನು ಕೆರೆಗೂ ಇಳಿಯದೆ ಇರ್ತಾನಾ?

ಕುಂಬಳೆ ಅತ್ತೆ: ಇಳಿದರೆ ಮೂಗಿನ ಕ್ಲಿಪ್ ಹಾಕಿಯೇ ಇಳಿಯಬೇಕು, ತಲೆ ನೀರಿನ ಮೇಲೆ, ಕೆಸರು ಕಲಕಬಾರದು. ಇನ್ನೊಂದು ವಿಷಯ ಮರೆಯಬೇಡ ಮಗಾ. ರೋಗದ ಲಕ್ಷಣ ಬರಲಿಕ್ಕೆ ಒಂದರಿಂದ 12 ದಿನ ಬೇಕು. ಅಷ್ಟರಲ್ಲಿ ಮಕ್ಕಳು ಬೆಂಗಳೂರಿನಲ್ಲಿರ್ತಾರೆ. ಜ್ವರ, ಜೋರು ತಲೆನೋವು, ವಾಂತಿ, ಕುತ್ತಿಗೆ ಬಗ್ಗಿಸಲಿಕ್ಕೆ ಆಗದಿರುವುದು ಕಂಡರೆ ‘ಊರಿನ ಕೆರೆಗೆ ಇಳಿದಿದ್ದಾನೆ’ ಅಂತ ಡಾಕ್ಟರಿಗೆ ಕೇಳದೆಯೇ ಹೇಳಬೇಕು. 2024ರಲ್ಲಿ ಕೋಝಿಕ್ಕೋಡಿನ ಹದಿನಾಲ್ಕರ ಹುಡುಗ ಉಳಿದದ್ದು ಬೇಗ ಗೊತ್ತಾಗಿ ಮದ್ದು ಸುರುವಾದ್ದರಿಂದ.

ದೊಡ್ಡಮ್ಮ: ಗೇರುಬೀಜ ಸುಡುವುದನ್ನು ನಾನು ನೋಡಿಕೊಳ್ತೇನೆ. ಮಕ್ಕಳು ಗಾಳಿ ಬರುವ ದಿಕ್ಕಿನಲ್ಲಿ ದೂರ ನಿಲ್ಲಬೇಕು. ಸಿಪ್ಪೆಯ ಎಣ್ಣೆ ಸಿಡಿದರೆ ಚರ್ಮ ಸುಟ್ಟು ಬೊಕ್ಕೆ ಬರ್ತದೆ, ಹೊಗೆ ಕಣ್ಣಿಗೆ ಕೆಟ್ಟದ್ದು. ಸುಟ್ಟದ್ದನ್ನು ಬೂದಿಯಲ್ಲಿ ಹೊರಳಿಸಿ ಎಣ್ಣೆ ಹೀರಿಸಿ, ತಣಿದ ಮೇಲೆ ಒಡೆಯಲಿಕ್ಕೆ ಕೊಡುವುದು. ಹಸಿ ಬೀಜ ಹಲ್ಲಿನಲ್ಲಿ ಕಚ್ಚಬಾರದು ಅಂತ ಮೂವರಿಗೂ ಮೊದಲೇ ಹೇಳು.

ಪೆರ್ಲ ಚಿಕ್ಕಪ್ಪ: ಸುರಂಗದ ಒಳಗೆ ನಡಿಗೆ ಅಂತ ಬರೆದದ್ದನ್ನು ಹೊಡೆದು ಹಾಕಿ. ಎರಡು ಅಡಿ ಅಗಲದ ಗುಹೆ ಅದು, ಒಳಗೆ ಹೋದ ಹಾಗೆ ಉಸಿರಿಗೆ ಗಾಳಿ ಸಾಲದು, ಬಾವಲಿ ಹಾವು ಬೇರೆ. ಅಗೆಯುವವರೇ ಮೇಣದ ಬತ್ತಿ ಹಿಡಿದು, ಅದು ನಂದಿದರೆ ಹಿಂದೆ ಬರ್ತಿದ್ದರು. ಬಾಯಿಯಲ್ಲಿ ನಿಂತು ಟಾರ್ಚ್ ಬಿಟ್ಟು ನೋಡಲಿ. ಮುರಕಲ್ಲಿನ ಸಂದಿನಿಂದ ನೀರು ಒಸರುವುದು, ಅದು ಅಡಿಕೆ ಮರದ ದಂಬೆಯಲ್ಲಿ ಹರಿದು ಕೆರೆಗೆ ಬರುವುದು ಅಲ್ಲಿಂದಲೇ ಕಾಣ್ತದೆ. ಗುಡ್ಡದ ಮೇಲಿನ ಮಳೆನೀರು ಪಂಪಿಲ್ಲದೆ ಮನೆಗೆ ಬರುವ ಕ್ರಮ ಅದು. ಅದನ್ನು ಮಕ್ಕಳಿಗೆ ನಾನೇ ವಿವರಿಸ್ತೇನೆ.

ಬೆಂಗಳೂರು ಅಕ್ಕ: ಹಾಗಾದರೆ ಪಟ್ಟಿಯಲ್ಲಿ ಉಳಿದದ್ದೆಂತ? ಯೋಗ, ಭಜನೆ, ಮೊಬೈಲ್ ಬಂದ್?

ದೊಡ್ಡಮ್ಮ: ದಿನಕ್ಕೊಂದು ದೊಡ್ಡ ಕೆಲಸ ಸಾಕು ಮಗಳೇ. ಉಳಿದ ಹೊತ್ತು ಅವರಷ್ಟಕ್ಕೆ ಬಿಡು. ಮೊಬೈಲ್ ಬಂದ್ ಅಂತ ಹೇಳಿದ ದಿನವೇ ಜಗಳ ಸುರುವಾಗ್ತದೆ. ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೊಡುವ.

ಮುಳ್ಳೇರಿಯ ಭಾವ: ತಿರುಗಾಟ ಎರಡಕ್ಕಿಂತ ಹೆಚ್ಚು ಬೇಡ. ಬೇಕಲ ಒಂದು. ಇನ್ನೊಂದು ಮಂಜೇಶ್ವರದ ಗೋವಿಂದ ಪೈಗಳ ಮನೆ ‘ಗಿಳಿವಿಂಡು’. ಕನ್ನಡದ ರಾಷ್ಟ್ರಕವಿ ಇದ್ದದ್ದು ಈಗಿನ ಕೇರಳದಲ್ಲಿ ಅಂತ ಬೆಂಗಳೂರಿನ ಮಕ್ಕಳಿಗೆ ಗೊತ್ತಾಗಬೇಕು. ನನಗೆ ಕೋಟೆಗಿಂತ ಅದೇ ಮುಖ್ಯ.

ಪೆರ್ಲ ಚಿಕ್ಕಪ್ಪ: ಟ್ಯಾಂಕಿ ಭಾನುವಾರ ನಾನು ತೊಳೆಸ್ತೇನೆ. ಕೆರೆಯ ವಿಷಯದಲ್ಲಿ ನನ್ನ ಮಾತು ಬದಲಾಗಲಿಲ್ಲ ತಂಗಿ, ಮಳೆ ಬಂದು ನೀರು ತುಂಬಿದ ಮೇಲೆ ದೊಡ್ಡವನನ್ನು ಕರೆಸಿ ಅಲ್ಲೇ ಕಲಿಸುವುದು.

ಕುಂಬಳೆ ಅತ್ತೆ: ಆಗಲೂ ಕ್ಲಿಪ್ ಬೇಕು ಅಣ್ಣ. ಮೂರು ಕ್ಲಿಪ್ ನಾನು ತರ್ತೇನೆ. ಬ್ಲೀಚಿಂಗ್ ಪೌಡರ್ ಹೊಸ ಪ್ಯಾಕೆಟ್ ತನ್ನಿ. ಕೊಟ್ಟಿಗೆಯ ಮಾಡಿನಲ್ಲಿ ಬಾಯಿ ತೆರೆದು ಇಟ್ಟದ್ದುಂಟಲ್ಲ, ಅದರ ಕ್ಲೋರಿನ್ ಹಾರಿ ಹೋಗಿರ್ತದೆ, ಗ್ರಾಂ ಲೆಕ್ಕ ಸರಿ ಬರುವುದಿಲ್ಲ.